ಮೌಲಾಸಾಬನ ದನಿಗೆ ಮುದ್ರೆ

ಎಂಟು ಕಿಲೋ ಅರಳೆಗೆ ಸಾವಿರದ ಒಂಬೈನೂರ ಇಪ್ಪತ್ತು ರೂಪಾಯಿ. ಪಟ್ಟೆಯ ಗಟ್ಟಿ ಬಟ್ಟೆಗೆ ಐನೂರ ಇಪ್ಪತ್ತು. ಹಿಂಜಿ, ತುಂಬಿ, ಹೊಲಿದುಕೊಡುವ ಕೂಲಿ ನಾಲ್ಕುನೂರು. ಒಬ್ಬರು ಮಲಗುವ ಗಾದಿ ಎಂದರೆ ಗದಗದಲ್ಲಿ ಈಗ ಎರಡು ಸಾವಿರದ ಎಂಟುನೂರ ನಲವತ್ತು. ಗಂಟುಗಟ್ಟಿದ ಹಳೆಯ ಗಾದಿಯನ್ನು ಬಿಚ್ಚಿ ಹೊಸದು ಮಾಡಿಕೊಡಲು ಒಂಬೈನೂರು. ಗೋರಿ ತೋಡಿದವರಿಗೆ ಎರಡೂವರೆ ಸಾವಿರ, ಹೆಣಕ್ಕೆ ಸುತ್ತುವ ಕಫನಿನ ಬಟ್ಟೆಗೆ ಸಾವಿರದ ನೂರು. ಗಾಜು ಒಡೆದ ಹಳೆಯ ಮೊಬೈಲಿಗೆ ಎರಡು ಪ್ಲಾಸ್ಟಿಕ್ ಬಕೇಟು, ಒಂದು ಜಗ್ಗು. ಸತ್ತ ಮನುಷ್ಯನ ದನಿಯನ್ನು ಮತ್ತೆ ಮಾಡಿಸಲು ನಲವತ್ತು ರೂಪಾಯಿ.

ಈ ಕೊನೆಯ ದರ ಚಾಂದಬಿಗೆ ಗೊತ್ತಾದದ್ದು ತಡವಾಗಿ.

ಅವಳ ಗಂಡ ಮೌಲಾಸಾಬ ನದಾಫ ಐವತ್ತೆಂಟಕ್ಕೆ ತೀರಿಕೊಂಡ. ನಲವತ್ತು ವರ್ಷ ಅರಳೆ ಹಿಂಜಿದ ಮನುಷ್ಯ. ಅದರ ಧೂಳು ಎದೆಯೊಳಗೆ ಇನ್ನೊಂದು ಗಾದಿಯನ್ನೇ ತುಂಬಿಬಿಟ್ಟಿದೆ ಎಂದು ಡಾಕ್ಟರು ಹೇಳಿದ್ದರು. ಕೊನೆಯ ಒಂದು ವರ್ಷ ಅವನಿಗೆ ಒಂದೇ ಉಸಿರಿಗೆ ನಾಲ್ಕೈದು ಮಾತಿನ ಮೇಲೆ ಆಡಲು ಆಗುತ್ತಿರಲಿಲ್ಲ. ಆಡಿದಷ್ಟೇ ಆಡಿ ನಿಂತು, ಎಳೆದುಕೊಂಡು, ಮತ್ತೆ ಆಡುವನು.

ಅವರ ಜನರಲ್ಲಿ ಒಂದು ಪದ್ಧತಿಯಿದೆ. ಮಣ್ಣು ಕೊಡುವ ಮೊದಲು ಸತ್ತವನ ವಾರಸುದಾರ ಎಲ್ಲರೆದುರು ನಿಂತು, ತೀರಿಕೊಂಡವನಿಂದ ಯಾರಿಗಾದರೂ ಬರಬೇಕಾದ ಬಾಕಿ ಇದ್ದರೆ ಹೇಳಿ, ಅದು ಇನ್ನು ನನ್ನ ಮೇಲೆ ಎಂದು ಸಾರಬೇಕು. ಋಣ ಉಳಿದರೆ ಜೀವಕ್ಕೆ ಬಿಡುಗಡೆಯಿಲ್ಲ ಎಂಬ ನಂಬಿಕೆ. ಮಗ ರಾಜೇಸಾಬ ಖಬರಸ್ಥಾನದಲ್ಲಿ ಹಾಗೆಯೇ ನಿಂತ. ಇಪ್ಪತ್ತೇಳರ ಆಳು, ಅಪ್ಪನ ಎತ್ತರ, ಅಪ್ಪನ ದನಿ.

"ನಮ್ಮಪ್ಪ ಯಾರಿಗರೆ ರೊಕ್ಕ ಕೊಡೂದಿದ್ರ ಹೇಳ್ರಿ, ನಾ ಹೊತ್ತೀನಿ. ನಾ ಊರೂರು ತಿರಗಾಂವ. ನಾ ಸಿಗಲಿಲ್ಲಂದ್ರ ನಮ್ಮವ್ವನ ನಂಬರಿಗೆ ಹೇಳ್ರಿ."

ನಂಬರನ್ನೂ ಹೇಳಿದ. ಹಿಂದೆ ನಿಂತಿದ್ದ ಮುದುಕನೊಬ್ಬ, ಮೌಲಾಸಾಬನೇ ಎದ್ದು ಮಾತಾಡಿದಂಗಾತಲ್ಲೋ ಎಂದು ಪಕ್ಕದವನ ತೋಳು ಹಿಡಿದುಕೊಂಡನಂತೆ. ಮುಂದೆ ಬಂದವರು ಇಬ್ಬರೇ. ದಾರದ ಅಂಗಡಿಯವನಿಗೆ ಮುನ್ನೂರ ನಲವತ್ತು, ಚಹಾದವನಿಗೆ ಎಂಬತ್ತೈದು. ಅಲ್ಲೇ ತೀರಿತು. ಆದರೆ ಬಂಧುವೊಬ್ಬ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಎಂಥ ಮಗ ನೋಡಿ ಎಂದು ಕುಟುಂಬದ ಗುಂಪಿಗೆ ಹಾಕಿದ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಅಲ್ಲಿಂದ ಅದು ಎಷ್ಟು ಗುಂಪು ದಾಟಿತೋ ಯಾರಿಗೂ ತಿಳಿಯದು.

ಮೂರನೆಯ ದಿನ ಫೋನು ಶುರುವಾಯಿತು.

ಮೊದಲು ಮಾತಾಡಿದವನು ತನ್ನನ್ನು ವಸೂಲಿ ಅಧಿಕಾರಿ ಎಂದುಕೊಂಡ. ಮೌಲಾಸಾಬ ಅರಳೆ ಹಿಂಜುವ ಯಂತ್ರ ಕೊಳ್ಳಲು ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಎತ್ತಿದ್ದಾನೆ, ಕಂತು ಕಟ್ಟಿಲ್ಲ ಎಂದ. ಚಾಂದಬಿ ಯಾವ ಫೈನಾನ್ಸು, ಕಾಗದ ಎಲ್ಲಿ ಎಂದು ಕೇಳಿದಳು. ಕಾಗದ ಫೋನಿಗೇ ಬಂತು. ಎದುರು ಮನೆಯವರಿಂದ ಓದಿಸಿದಳು, ಅದರಲ್ಲಿ ಗಂಡನ ಹೆಸರು, ಆಧಾರಿನ ನಂಬರು, ಸಹಿ ಎಲ್ಲ ಇತ್ತು. ಅವಳು ಮಾರ್ಕೆಟ್ಟಿನಲ್ಲಿ ಬೆಳೆದ ಹೆಂಗಸು, ತೂಕದ ಮೋಸ, ಅಳತೆಯ ಮೋಸ ಬಲ್ಲವಳು. ಇದು ಸುಳ್ಳು ಎಂದು ಅವಳಿಗೆ ಅನ್ನಿಸಿತು. ಆದರೆ ಸುಳ್ಳು ಅನ್ನಿಸಿದ್ದಕ್ಕೂ ಸುಳ್ಳೇ ಎಂದು ಆಣೆ ಮಾಡುವುದಕ್ಕೂ ನಡುವೆ ಒಂದು ಸಂದು ಇರುತ್ತದೆ. ಗಂಡ ಹೇಳದೆಯೇ ಎತ್ತಿದ್ದರೆ? ಮಗ ಎಲ್ಲರೆದುರು ಹೊತ್ತುಕೊಂಡಿದ್ದಾನೆ. ಆ ಸಂದಿನಲ್ಲೇ ಅವರು ಕೈ ಹಾಕಿದರು.

ದಿನಕ್ಕೆ ಹದಿನಾರು, ಹದಿನೆಂಟು ಕರೆ. ಒಂದು ನಂಬರು ಮುಚ್ಚಿದರೆ ಇನ್ನೊಂದರಿಂದ. ಒಬ್ಬ ಬೈದ, ಒಬ್ಬಳು ಅತ್ತಳು, ಒಬ್ಬ ವಕೀಲನಂತೆ ಕಲಮುಗಳನ್ನು ಓದಿದ. ಫೋನು ಆರಿಸಿಟ್ಟ ದಿನ ಎದುರು ಮನೆಗೂ ಹಾಲಿನವನಿಗೂ ಕರೆ ಹೋಯಿತು. ಗಾದಿಯ ಗಿರಾಕಿಗಳು ಬರುವುದು ಆ ಫೋನಿನಿಂದಲೇ, ರಾಜೇಸಾಬ ಯಂತ್ರ ಹೇರಿಕೊಂಡು ಖಾನಾಪುರ, ಕಾರವಾರ, ಗೋವೆಯ ಕಡೆ ತಿರುಗುವಾಗ ಮಾತಾಡುವುದೂ ಅದರಲ್ಲೇ. ಆರಿಸಿಟ್ಟು ಬದುಕುವಂತಿರಲಿಲ್ಲ. ಒಂಬತ್ತನೆಯ ದಿನ ಅವಳು ಹದಿನೆಂಟೂವರೆ ಸಾವಿರ ಹಾಕಿದಳು. ಮಗನಿಗೆ ಹೇಳಲಿಲ್ಲ. ಹೇಳಿದರೆ ಅವನು ಯಂತ್ರ ಮಾರುತ್ತಾನೆ ಎಂಬ ಹೆದರಿಕೆ.

ಹಣ ಕೊಟ್ಟ ಮೇಲೆ ಕರೆಗಳು ನಿಂತವು. ಅವಳು ಸಾಲ ಖರೆಯೇ ಇತ್ತೇನೋ, ತೀರಿತೇನೋ ಅಂದುಕೊಂಡಳು. ಹನ್ನೆರಡನೆಯ ದಿನ ಹಳೆಯ ಮೊಬೈಲಿಗೆ ಪಾತ್ರೆ ಕೊಡುವವನು ಓಣಿಗೆ ಬಂದ. ನಲವತ್ತನೆಯ ದಿನದ ಕಾರ್ಯಕ್ಕೆ ಜನ ಬರುವವರಿದ್ದರು, ಮನೆಯ ಬಕೇಟು ಸೀಳಿತ್ತು. ಗಂಡನ ಒಡೆದ ಫೋನನ್ನು ಕಣ್ಣೆದುರು ಇಟ್ಟುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಸಿಮ್ಮು ತೆಗೆದು, ಕುಂಕುಮ ಬಣ್ಣದ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಫೋನನ್ನು ಕೊಟ್ಟಳು. ಸಿಮ್ಮು ತೆಗೆದ ಮೇಲೆ ಫೋನಿನಲ್ಲಿ ಮನುಷ್ಯ ಉಳಿಯುವುದಿಲ್ಲ ಎಂದು ಅವಳ ತಿಳಿವಳಿಕೆ. ಓಣಿಯಲ್ಲಿ ಎಲ್ಲರ ತಿಳಿವಳಿಕೆಯೂ ಅಷ್ಟೇ.

ಇಪ್ಪತ್ತಾರನೆಯ ದಿನ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಫೋನು ಬಂತು. ಮೌಲಾಸಾಬ ಬದುಕಿದ್ದಾಗ ಅಂಗಡಿಯಿಂದ ದಿನಾಲೂ ಫೋನು ಮಾಡುತ್ತಿದ್ದ ಹೊತ್ತು ಅದು. ಅವಳು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎತ್ತಿದಳು.

"ರಾಜ್ಯಾನವ್ವ, ಬುತ್ತಿ ಕಳಿಸಿದೇನು?"

ಅವನೇ. ಅವಳನ್ನು ಎಂದೂ ಹೆಸರು ಹಿಡಿದು ಕರೆಯದವನು, ರಾಜ್ಯಾನವ್ವ ಎಂದೇ ಕರೆಯುತ್ತಿದ್ದವನು. ತವೆಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಅವಳು ಕದಲಲಿಲ್ಲ. ದನಿ ಹೇಳಿತು: ಆ ಸಾಲ ಎತ್ತಿದ್ದು ಖರೆ, ನಿನಗೆ ಹೇಳಲಿಕ್ಕೆ ನಾಚಿಕೆಯಾಗಿ ಬಿಟ್ಟೆ, ಅದು ತೀರುವ ತನಕ ನನಗೆ ಇಲ್ಲಿ ಸಮಾಧಾನವಿಲ್ಲ, ಅವರು ಹೇಳಿದ ನಂಬರಿಗೆ ಹಾಕಿಬಿಡು. ಕಳೆದ ರಮಜಾನಿನಲ್ಲಿ ಅವರಿಬ್ಬರು ಖರ್ಜೂರದ ದರಕ್ಕೆ ಜಗಳಾಡಿದ್ದನ್ನೂ ನೆನೆಸಿ ನಕ್ಕಿತು.

ಸತ್ತವರ ದನಿ ಮಾಡುವ ಯಂತ್ರಗಳ ಸುದ್ದಿಯನ್ನು ಅವಳು ಟೀವಿಯಲ್ಲಿ ಕೇಳಿದ್ದಳು. ತಲೆಗೆ ಗೊತ್ತಿತ್ತು. ಕಿವಿಗೆ ಗೊತ್ತಿರಲಿಲ್ಲ. ಅರ್ಧ ಗಂಟೆಯೊಳಗೆ ನಲವತ್ತನೆಯ ದಿನಕ್ಕೆಂದು ಇಟ್ಟಿದ್ದ ಇಪ್ಪತ್ತೆರಡು ಸಾವಿರವನ್ನು ಹಾಕಿ ಮುಗಿಸಿದಳು.

ಆ ಸಂಜೆ ಹೊಸ ನೀಲಿ ಬಕೇಟಿಗೆ ನೀರು ತುಂಬುತ್ತ ನಿಂತಾಗ ಅವಳಿಗೆ ಒಂದು ವಿಷಯ ಹೊಳೆದು ನಳ ಹಾಗೇ ಬಿಟ್ಟಳು. ಆ ದನಿ ಎಲ್ಲಿಯೂ ನಿಂತಿರಲಿಲ್ಲ. ಇಪ್ಪತ್ತು ಮಾತು, ಮೂವತ್ತು ಮಾತು, ಒಂದೇ ಓಟ. ಅವಳ ಗಂಡ ಹಾಗೆ ಮಾತಾಡಿ ವರ್ಷದ ಮೇಲಾಗಿತ್ತು.

ಮರುದಿನ ಅದೇ ಹೊತ್ತಿಗೆ ಕರೆ ಬಂದಾಗ ಅವಳು ಗಟ್ಟಿ ಮನಸ್ಸು ಮಾಡಿ ಹೇಳಿದಳು.

"ನೀ ಯಾವನೋ ನನಗ ಗೊತ್ತಿಲ್ಲ. ನನ್ನ ಗಂಡಗ ದಮ್ಮು ಇತ್ತು. ನಾಕು ಮಾತಾಡಿದ್ರ ಉಸಿರು ಎಳೀತಿದ್ದ. ನೀ ಎಳಿಯಂಗಿಲ್ಲ."

ಆ ಕಡೆಯಿಂದ ಕರೆ ಕಡಿದುಹೋಯಿತು. ಗೆದ್ದೆ ಎಂದುಕೊಂಡು ಅವಳು ಆ ದಿನ ಹೊಟ್ಟೆ ತುಂಬ ಉಂಡಳು.

ಅದರ ಮರುದಿನ, ಹನ್ನೆರಡೂ ಮುಕ್ಕಾಲು.

"ರಾಜ್ಯಾನವ್ವ…" ಎಂದಿತು ದನಿ. ನಿಂತಿತು. ಎದೆಯೊಳಗೆ ಅರಳೆ ಸಿಕ್ಕಿಕೊಂಡ ಹಾಗೆ ಉಸಿರು ಎಳೆಯಿತು, ಕೊನೆಯಲ್ಲಿ ಸಣ್ಣಗೆ ಸಿಳ್ಳು. "ಈಗ… ಸಮಾಧಾನ ಆತೇನು?"

ಫೋನು ಹಿಟ್ಟಿನ ಪರಾತಕ್ಕೆ ಬಿತ್ತು. ಅವಳು ಅದನ್ನು ಎತ್ತಲಿಲ್ಲ. ಹಿಟ್ಟಿನೊಳಗಿಂದ ಅದು ಇನ್ನೂ ಉಸಿರು ಎಳೆಯುತ್ತಲೇ ಇತ್ತು, ಕೆಮ್ಮುತ್ತಲೇ ಇತ್ತು. ಅವಳು ಹಿತ್ತಲಿಗೆ ಹೋಗಿ, ಬಿಸಿಲಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಓಣಿಯ ಮಕ್ಕಳು ಶಾಲೆಯಿಂದ ಊಟಕ್ಕೆ ಬರುತ್ತಿದ್ದರು. ನಡು ಹಗಲು. ಆದರೂ ಕೆಮ್ಮು ನಿಲ್ಲುವ ತನಕ ಅವಳು ಒಳಗೆ ಕಾಲಿಡಲಿಲ್ಲ.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡರು. ಹಣ ನಾಲ್ಕು ಖಾತೆ ದಾಟಿ ಹೋಗಿದೆ, ಹುಡುಕುತ್ತೇವೆ, ದನಿಯ ವಿಷಯಕ್ಕೆ ಮಾತ್ರ ಹುಬ್ಬಳ್ಳಿಗೆ ಹೋಗಬೇಕು ಎಂದು ಒಂದು ಚೀಟಿ ಕೊಟ್ಟರು.

ಹುಬ್ಬಳ್ಳಿಯ ದನಿ ತಪಾಸಣಾ ಕೇಂದ್ರವಿದ್ದದ್ದು ಮೂರನೆಯ ಮಹಡಿಯಲ್ಲಿ. ಇಂಥ ಕರೆಗಳು ಹೆಚ್ಚಿ, ಜನ ಫೋನು ಎತ್ತುವುದನ್ನೇ ಬಿಡತೊಡಗಿದ ಮೇಲೆ ಸರಕಾರ ತೆರೆದ ಕೇಂದ್ರ. ಒಳಕೋಣೆಯ ಗೋಡೆಗೆಲ್ಲ ಹೊರಗಿನ ಸದ್ದು ಬರದಂತೆ ಮೆತ್ತೆ ಬಡಿದಿದ್ದರು. ಚಾಂದಬಿ ಕೂರುವ ಮೊದಲು ಗೋಡೆಯನ್ನು ಒತ್ತಿ ನೋಡಿದಳು.

"ಗ್ವಾಡಿಗೂ ಗಾದಿ ಹಾಕ್ಸೀರಲ್ರೀ ಮೇಡಮ್ಮಾರ," ಎಂದಳು. "ಅರಳೆ ಅಲ್ಲಿದು. ಫೋಮು. ಎರಡು ವರ್ಷಕ್ಕ ಕುಸೀತೈತಿ."

ಅಲ್ಲಿನ ಎಂಜಿನಿಯರು ಗಿರಿಜಾ ಹಂಪಿಹೊಳಿ ನಕ್ಕಳು. ಮೂವತ್ತೈದರ ಹೆಂಗಸು, ಮೇಜಿನ ಮೇಲೆ ಅರ್ಧ ಉಂಡ ಬುತ್ತಿ. ಆದರೆ ಗೊತ್ತಿಲ್ಲದ ನಂಬರಿನ ಕರೆಗಳನ್ನಷ್ಟೇ ತಾನಾಗಿ ಉಳಿಸಿಕೊಳ್ಳುವ ಚಾಂದಬಿಯ ಫೋನಿನಿಂದ ಸಾಲದವರ ಕರೆಗಳನ್ನೂ ಸತ್ತವನ ಮೂರು ಕರೆಗಳನ್ನೂ ಯಂತ್ರಕ್ಕೆ ಕೊಟ್ಟು ಕೇಳಿದ ಮೇಲೆ ಆ ನಗು ಉಳಿಯಲಿಲ್ಲ.

ಅವಳು ತಿಳಿಯುವಂತೆ ಹೇಳಿದಳು. ಮೊದಲು ಸಾಲದ ಹೆಸರಲ್ಲಿ ಮಾತಾಡಿದವರಾರೂ ಮನುಷ್ಯರಲ್ಲ. ಬೈದವನೂ ಅತ್ತವಳೂ ಒಂದೇ ಯಂತ್ರ. ಅದು ಒಂದೇ ಹೊತ್ತಿಗೆ ಸಾವಿರಾರು ಮನೆಗಳಿಗೆ ಮಾತಾಡುತ್ತದೆ. ಎಲ್ಲಿ ಹೆದರಿಕೆ ಹುಟ್ಟುತ್ತದೋ ಅಲ್ಲಿ ಇನ್ನಷ್ಟು ಒತ್ತುತ್ತದೆ. ಸತ್ತವನ ದನಿ ಮಾಡಲು ಅದಕ್ಕೆ ಮೂರು ನಿಮಿಷದ ಮಾತು ಸಾಕು.

"ನಿಮ್ಮ ಯಜಮಾನ್ರ ಮಾತು ಎಲ್ಲಾದರೂ ಕೂಡಿಟ್ಟಿತ್ತೇನು?" ಎಂದು ಕೇಳಿದಳು.

ಕೂಡಿಟ್ಟಿತ್ತು. ಗಾದಿಯ ಅಳತೆ ನಾವು ಹಾಗೆ ಹೇಳಿರಲಿಲ್ಲ ಎಂದು ಗಿರಾಕಿಗಳು ತಕರಾರು ತೆಗೆಯುತ್ತಿದ್ದುದರಿಂದ ಮೌಲಾಸಾಬ ಫೋನಿನಲ್ಲಿ ಎಲ್ಲ ಕರೆಯೂ ತಾನಾಗಿ ಉಳಿಯುವಂತೆ ಮಾಡಿಸಿಕೊಂಡಿದ್ದ. ನಾಲ್ಕು ವರ್ಷದ ಮಾತು. ಬುತ್ತಿಯ ಮಾತು, ಖರ್ಜೂರದ ಜಗಳ, ಮಗನ ಮದುವೆಯ ಚಿಂತೆ. ಅದೆಲ್ಲ ಎರಡು ಬಕೇಟಿಗೆ, ಒಂದು ಜಗ್ಗಿಗೆ ಹೋಗಿತ್ತು. ಅಂಥ ಫೋನುಗಳನ್ನು ಗೋಣಿಗಟ್ಟಲೆ ಕೊಳ್ಳುವವರಿದ್ದಾರೆ, ಒಂದಕ್ಕೆ ನಲವತ್ತು ರೂಪಾಯಿಯಂತೆ ದನಿ ತೆಗೆದುಕೊಡುತ್ತಾರೆ ಎಂದಳು ಗಿರಿಜಾ. ಚಾಂದಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

"ಮೊದಲ್ನೇ ಸಲ ಉಸಿರು ಯಾಕ ಇರ್ಲಿಲ್ರೀ?"

"ದನಿ ಮಾಡೂಮುಂದ ಯಂತ್ರ ಕಸ ತಗೀತೈತಿ. ಗಾಳಿ, ಬಸ್ಸಿನ ಸದ್ದು, ಗರಗರ ಎಲ್ಲ. ನಿಮ್ಮ ಯಜಮಾನ್ರ ಉಸಿರನ್ನೂ ಕಸ ಅಂತ ತಗದಿತ್ತು. ನೀವು ಹೇಳಿದ ಮ್ಯಾಲೆ ತಿರುಗಿ ಹಾಕ್ಕೊಂಡೈತಿ."

ತಾನೇ ಕಲಿಸಿಕೊಟ್ಟೆ ಎಂಬುದು ಚಾಂದಬಿಗೆ ಅರ್ಥವಾಯಿತು. ಮುಂದಿನ ದಾರಿ ಏನು ಎಂದಷ್ಟೇ ಕೇಳಿದಳು.

ದಾರಿ ಒಂದಿತ್ತು. ಅದನ್ನು ದನಿ ಮುದ್ರೆ ಎನ್ನುತ್ತಿದ್ದರು. ಈಚಿನ ಎಲ್ಲ ಫೋನುಗಳ ಒಳಗೂ ಒಂದು ಸಣ್ಣ ಕಾವಲು ಇರುತ್ತದೆ. ಫೋನು ಯಾವ ದನಿಯನ್ನು ಹೊರಗೆ ಬಿಡುವ ಮೊದಲೂ ಅದನ್ನು ಮುದ್ರೆಯ ಪಟ್ಟಿಗೆ ಹೋಲಿಸುತ್ತದೆ: ಗಂಟಲಿನ ಉದ್ದ, ಮೂಗಿನ ಗುಂಗು, ಹಲ್ಲಿನ ಸಂದು, ಹೀಗೆ ಮುನ್ನೂರು ಗುರುತು. ಹೋಲಿಕೆ ನೂರಕ್ಕೆ ತೊಂಬತ್ತು ದಾಟಿದರೆ ಫೋನು ಮೂಕವಾಗುತ್ತದೆ. ಮುದ್ರೆ ಬಿದ್ದ ದನಿ ದೇಶದ ಯಾವ ಫೋನಿನಲ್ಲೂ ಮತ್ತೆ ಕೇಳುವುದಿಲ್ಲ. ಅಸಲಿಯಾದರೂ ಕೇಳುವುದಿಲ್ಲ. ಹಾಕಿದ ಮುದ್ರೆಯನ್ನು ತೆಗೆಯಲೂ ಬರುವುದಿಲ್ಲ. ತೆಗೆಯಲು ಬಂದರೆ ಕಳ್ಳರೇ ಮೊದಲು ತೆಗೆಸುತ್ತಿದ್ದರು.

ಚಾಂದಬಿಯ ಫೋನಿನಲ್ಲಿ ಗಂಡ ಕಳಿಸಿದ್ದ ಹನ್ನೊಂದು ದನಿ ಸಂದೇಶಗಳಿದ್ದವು. ಎಲ್ಲ ಸೇರಿ ಮೂರು ನಿಮಿಷ ಹನ್ನೆರಡು ಸೆಕೆಂಡು. ಅವು ಹೋಗುತ್ತವೆಯೇ ಎಂದು ಕೇಳಿದಳು. ಹೋಗುತ್ತವೆ, ಬೇರೆ ಕಡೆ ನಕಲು ತೆಗೆದಿಡಲೂ ಕಾನೂನು ಬಿಡುವುದಿಲ್ಲ ಎಂದಳು ಗಿರಿಜಾ. ಮುದ್ರೆ ಮಾಡಲು ಬೇಕಾದ ಅಸಲಿ ಮಾತೂ ಅವೇ.

ಯೋಚಿಸಿ ಬರುತ್ತೇನೆ ಎಂದು ಚಾಂದಬಿ ಎದ್ದಳು. ವಾರಸುದಾರನ ಸಹಿ ಬೇಕು, ಬರುವಾಗ ಮಗನನ್ನು ಕರೆತನ್ನಿ ಎಂದು ಗಿರಿಜಾ ಬಾಗಿಲ ತನಕ ಬಂದು ಹೇಳಿದಳು.

ಬಸ್ಸಿಳಿದು ಮನೆಗೆ ಬಂದರೆ ಕಟ್ಟೆಯ ಮೇಲೆ ಶಂಕ್ರವ್ವ ಕೂತಿದ್ದಳು. ಮುಂಡರಗಿಯಲ್ಲಿ ಖಾನಾವಳಿ ನಡೆಸುವ ಹೆಂಗಸು, ಇಪ್ಪತ್ತು ವರ್ಷದ ಗಿರಾಕಿ. ಮಗಳ ಮದುವೆ ಹತ್ತು ದಿನಕ್ಕೆ ಬಂದಿತ್ತು.

"ಎಲ್ಲಿ ಹೋಗ್ಯಾನ ನಿನ್ನ ಗಂಡ?" ಎಂದಳು. "ಹತ್ತು ಗಾದಿಗೆ ಆರು ಸಾವಿರ ಮುಂಗಡ ಹಾಕಸ್ಕೊಂಡಾನ. ಇವತ್ತು ಟೆಂಪೋ ತಗೊಂಡು ಬಾ ಅಂದಾಂವ ಅಂಗಡಿಗೆ ಕೀಲಿ ಹಾಕ್ಯಾನ."

"ಯಾವಾಗ ಅಂದ ಶಂಕ್ರಕ್ಕಾ?"

"ನಿನ್ನಿ ಮಧ್ಯಾಹ್ನ ಮಾತಾಡ್ಯಾನಲ್ಲ. ಪಾಪ, ದಮ್ಮು ಭಾಳ ಆಗೇತಿ ಅವಗ. ಮಾತ ಬರವಲ್ದು."

ಚಾಂದಬಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವನು ತೀರಿಕೊಂಡು ಒಂದು ತಿಂಗಳಾಯಿತು ಎಂದಳು. ಶಂಕ್ರವ್ವ ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೈಯಲ್ಲಿದ್ದ ತನ್ನ ಫೋನನ್ನು ದೂರ, ಕಟ್ಟೆಯ ಆ ತುದಿಗೆ ಸರಿಸಿಟ್ಟಳು. ಇಬ್ಬರೂ ಅದನ್ನು ಹಾವನ್ನು ನೋಡುವಂತೆ ನೋಡುತ್ತ ಕೂತರು.

ಇಷ್ಟು ದಿನ ಚಾಂದಬಿ ಹೆದರಿದ್ದು ಹಳೆಯ ಸಾಲಕ್ಕೆ. ಈಗಿನ ಹೆದರಿಕೆ ಬೇರೆ. ಸತ್ತ ಗಂಡ ದಿನಾಲೂ ಹೊಸ ಸಾಲ ಮಾಡುತ್ತಿದ್ದ. ಅವನ ಫೋನಿನಲ್ಲಿ ಆರುನೂರು ಗಿರಾಕಿಗಳ ನಂಬರಿತ್ತು, ಅವರಲ್ಲಿ ಅವನು ಸತ್ತದ್ದನ್ನು ತಿಳಿದವರು ನೂರೂ ಇಲ್ಲ. ನಲವತ್ತು ವರ್ಷದಲ್ಲಿ ಅವನು ಗಳಿಸಿದ್ದು ಒಂದೇ, ಮೌಲಾಸಾಬ ಮುಂಗಡ ಇಸಕೊಂಡರೆ ಗಾದಿ ಬಂದೇ ಬರುತ್ತದೆ ಎಂಬ ಮಾತು. ಆ ಮಾತನ್ನು ಯಂತ್ರವೊಂದು ಮನೆ ಮನೆಗೆ ಒಯ್ದು ಮಾರುತ್ತಿತ್ತು. ಖಬರಸ್ಥಾನದಲ್ಲಿ ಮಗ ಹೊತ್ತುಕೊಂಡಾಗ ಇಷ್ಟು ದಿನದ ತನಕ ಎಂದು ಗಡುವು ಹೇಳಿರಲಿಲ್ಲ.

ಜಮಾತಿನ ಹಿರಿಯರನ್ನು ಕೇಳಿದಳು. ಮಣ್ಣಿಗೆ ಹೋಗುವ ತನಕದ ಋಣ ಮಾತ್ರ ನಿಮ್ಮದು, ಆಮೇಲಿನದು ಕಳ್ಳನದು ಎಂದು ಅವರು ಸ್ಪಷ್ಟವಾಗಿ ಹೇಳಿದರು. ಅದು ಸರಿಯಾದ ಮಾತು. ಆದರೆ ಶಂಕ್ರವ್ವ ಕೊಟ್ಟದ್ದು ಮೌಲಾಸಾಬನ ದನಿಗೆ. ಆ ಸಂಜೆಯೇ ಚಾಂದಬಿ ಮಗನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅವನು ಕಾರವಾರದಿಂದ ಯಂತ್ರ ಹೇರಿಕೊಂಡು ಬಂದ. ಬೈಯಲಿಲ್ಲ. ಬಂದವನೇ ಅಂಗಡಿ ತೆರೆದು ಅರಳೆ ಹಿಂಜಲು ಕೂತ. ಮಾತಿಗೆ ತಕ್ಕಂತೆ ಅವರು ಶಂಕ್ರವ್ವನ ಹತ್ತು ಗಾದಿ ಮಾಡಿದರು. ಆರು ಸಾವಿರವನ್ನು ಬಂದಿದೆ ಎಂದೇ ಲೆಕ್ಕಕ್ಕೆ ಹಿಡಿದರು.

ಆ ದಿನಗಳಲ್ಲಿ ಹನ್ನೆರಡೂ ಮುಕ್ಕಾಲಿಗೆ ಅವಳು ಫೋನನ್ನು ಅರಳೆಯ ರಾಶಿಯೊಳಗೆ ಹೂಳಿಡುತ್ತಿದ್ದಳು. ಯಂತ್ರದ ಸದ್ದಿನಲ್ಲೂ ರಾಶಿ ನಡುಗುವುದು ಕಾಣುತ್ತಿತ್ತು. ಮೂರನೆಯ ದಿನ ರಾಜೇಸಾಬ ಅದನ್ನು ಹೊರತೆಗೆದು ಕಿವಿಗೆ ಹಿಡಿದ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಳಗಿಟ್ಟು, ನಾಳೆ ಹುಬ್ಬಳ್ಳಿಗೆ ಹೋಗೋಣ ಎಂದ. ಅವನ ಮೋರೆಯ ಬಣ್ಣ ಅರಳೆಯ ಬಣ್ಣಕ್ಕೆ ತಿರುಗಿತ್ತು. ಅದು ಏನು ಹೇಳಿತು ಎಂದು ಅವನು ಇಂದಿಗೂ ತಾಯಿಗೆ ಹೇಳಿಲ್ಲ.

ಗಿರಿಜಾ ಕಾಗದಗಳನ್ನು ಸಿದ್ಧಮಾಡಿಟ್ಟಿದ್ದಳು. ರಾಜೇಸಾಬ, ಇದರಿಂದ ನಮ್ಮ ವ್ಯಾಪಾರಕ್ಕೆ ತೊಂದರೆ ಇಲ್ಲವಲ್ಲ ಎಂದು ಕೇಳಿದ, ಅಷ್ಟೇ. ಅವನು ಮಾತಾಡಿದ ಕೂಡಲೇ ಅವಳು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಇನ್ನೊಮ್ಮೆ ಮಾತಾಡಲು ಹೇಳಿದಳು. ಆಮೇಲೆ ಒಂದು ಕಾಗದ ಕೊಟ್ಟು ಮೈಕಿನ ಮುಂದೆ ಓದಿಸಿದಳು. ಪರದೆಯ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಓಡಿದವು, ಬಹಳ ಕಡೆ ಒಂದೇ ಗೆರೆಯಾಗಿ.

"ತೊಂಬತ್ಮೂರು," ಎಂದಳು. "ಅಪ್ಪಾರ ದನಿಗೆ ಮುದ್ರಿ ಹಾಕಿದ್ರ ನಿಮ್ಮ ದನಿನೂ ಫೋನಿನ್ಯಾಗ ಸಾಯ್ತದ."

ಗಡಿಯನ್ನು ತೊಂಬತ್ತರಿಂದ ಮೇಲೆ ಸರಿಸಬಾರದೇ ಎಂದು ಚಾಂದಬಿ ಕೇಳಿದಳು. ಸರಿಸಿದರೆ ಕಳ್ಳದನಿ ತಪ್ಪಿಸಿಕೊಳ್ಳುತ್ತದೆ, ಅವರು ಬೇಕೆಂದೇ ದನಿಯನ್ನು ಒಂದಿಷ್ಟು ಕದಲಿಸಿ ತೊಂಬತ್ತೊಂದಕ್ಕೋ ತೊಂಬತ್ತೆರಡಕ್ಕೋ ತಂದು ಬಿಡುತ್ತಾರೆ, ಅದಕ್ಕೂ ಕೆಳಗಿಳಿಸಿದರೆ ಮಾತ್ರ ಕೇಳಿದವರು ನಂಬುವುದಿಲ್ಲ ಎಂದಳು ಗಿರಿಜಾ. ಹಿಂಜುವ ಯಂತ್ರದಲ್ಲಿ ಹಲ್ಲುಗಳ ಸಂದು ಅಗಲ ಮಾಡಿದರೆ ಬೀಜವೂ ದಾಟುತ್ತದೆ, ಬಿಗಿ ಮಾಡಿದರೆ ಅರಳೆಯೂ ನಿಲ್ಲುತ್ತದೆ. ಚಾಂದಬಿಗೆ ಅದು ಗೊತ್ತಿದ್ದ ವಿಷಯವೇ. ಅವಳು ಕಾಗದವನ್ನು ಗಿರಿಜಾಳ ಕಡೆಗೆ ತಳ್ಳಿದಳು.

"ಬ್ಯಾಡ್ರಿ. ಇದ್ದಾಂವನ ದನಿ ಕೊಟ್ಟು ಸತ್ತಾಂವನ ದನಿ ಕಾಯೂದು ಯಾವ ಶಾಣ್ಯಾತನ? ನಾ ನಂಬರ್ ಬದಲ್ ಮಾಡ್ತೀನಿ."

"ನಿನ್ನ ನಂಬರ್ ಬದಲ್ ಮಾಡ್ತಿ. ಆರುನೂರು ಮಂದೀದು?" ಎಂದ ರಾಜೇಸಾಬ.

"ನೀ ಗೋವಾಕ್ಕ ಹೋಗಾಂವ. ಹಾದ್ಯಾಗ ಟೆಂಪೋ ಪಲ್ಟಿ ಆದ್ರ ನನಗ ಹೆಂಗ ಹೇಳ್ತಿ?"

"ಬರದು ಕಳಸ್ತೀನಿ."

"ನನಗ ಓದಾಕ ಬರ್ತೈತೇನೋ?"

ಅವನು ತನ್ನ ಬೆರಳ ಸಂದಿಯಲ್ಲಿ ಉಳಿದಿದ್ದ ಅರಳೆಯ ಎಳೆಯನ್ನು ಕಿತ್ತ. ಆಮೇಲೆ ಕಾಗದವನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡ.

"ಖಬರಸ್ಥಾನದಾಗ ನಾ ಹೊತ್ತೀನಿ ಅಂತ ಹೇಳೀನವ್ವ. ರೊಕ್ಕ ಅಷ್ಟ ಹೊರತೀನಿ ಅಂತ ಹೇಳಿಲ್ಲ."

ಸಹಿ ಮಾಡಿದ. ಗಿರಿಜಾ, ಮುದ್ರೆಗೆ ಮೊದಲು ಹನ್ನೊಂದು ಸಂದೇಶಗಳನ್ನು ಒಮ್ಮೆ ಕೇಳಿಕೊಳ್ಳಿ ಎಂದು ಹೇಳಿ, ಫ್ಯಾನು ಆರಿಸಿ ಹೊರಗೆ ಹೋದಳು.

ತಾಯಿ ಮಗ ಎಲ್ಲವನ್ನೂ ಕೇಳಿದರು. ಕೊನೆಯದು ಮೌಲಾಸಾಬ ಸಾಯುವ ಹಿಂದಿನ ದಿನ ಸಂತೆಯಿಂದ ಕಳಿಸಿದ್ದು. "ರಾಜ್ಯಾನವ್ವ… ಮೆಂತೆ ಪಲ್ಲೆ ಚಲೋ ಅದಾವ… ತರ್ಲೇನು… ಬ್ಯಾಡಂದ್ರ ಈಗ… ಹೇಳು." ಹಿಂದೆ ಯಾರೋ ಉಳ್ಳಾಗಡ್ಡಿಯ ದರ ಕೂಗುತ್ತಿದ್ದರು. ಯಂತ್ರ ಕಸವೆಂದು ತೆಗೆದದ್ದೆಲ್ಲ ಅದರಲ್ಲಿ ಇತ್ತು. ಆ ದಿನ ಚಾಂದಬಿ ಬೇಡ ಎಂದಿದ್ದಳು, ಹಿಂದಿನ ದಿನದ ಪಲ್ಯ ಉಳಿದಿತ್ತು. ಅವಳು ಇನ್ನೊಮ್ಮೆ ಹಾಕಲಿಲ್ಲ. ಬಾಗಿಲು ಬಡಿದು ಗಿರಿಜಾಳನ್ನು ಕರೆದಳು. ಹೆಬ್ಬೆಟ್ಟು ಒತ್ತಿದಳು. ಆಗ ಹನ್ನೆರಡು ಗಂಟೆ. ಎಲ್ಲ ಫೋನುಗಳಿಗೆ ಮುದ್ರೆ ತಲುಪಲು ಮುಕ್ಕಾಲು ಗಂಟೆ ಬೇಕು ಎಂದರು.

ಬಸ್ ನಿಲ್ದಾಣದಲ್ಲಿ ಗದಗದ ಬಸ್ಸಿಗೆ ಕಾಯುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಹೊತ್ತು ನೋಡುವ ಅಗತ್ಯವಿರಲಿಲ್ಲ. ಅವಳು ಎತ್ತಿದಳು. ಆ ಕಡೆ ಯಾರೋ ಮಾತಾಡುತ್ತಿದ್ದಾರೆ ಎಂದು ತೋರಿಸುವ ಹಸಿರು ಗೆರೆ ಪರದೆಯ ಮೇಲೆ ಕುಣಿಯುತ್ತಿತ್ತು: ನಾಲ್ಕು ಮಾತಿನಷ್ಟು ಕುಣಿದು ನಿಲ್ಲುವುದು, ಮತ್ತೆ ನಾಲ್ಕು. ಸದ್ದು ಮಾತ್ರ ಇಲ್ಲ. ಅದು ಏನೇನೋ ಹೇಳುತ್ತಿತ್ತು. ಹೆದರಿಸುತ್ತಿತ್ತೋ ಬೇಡಿಕೊಳ್ಳುತ್ತಿತ್ತೋ. ಕರೆ ತಾನಾಗಿ ಕಡಿಯುವ ತನಕ ಅವಳು ಗೆರೆಯನ್ನೇ ನೋಡಿದಳು.

ಆಮೇಲೆ ರಾಜೇಸಾಬ ಎದ್ದು ನಾಲ್ಕು ಬಸ್ಸು ಆಚೆ, ಮುಂದಿನ ಕಂಬದ ಹತ್ತಿರ ಹೋಗಿ ನಿಂತು ಅವಳಿಗೆ ಫೋನು ಮಾಡಿದ. ಜನರ ನಡುವೆ ಅವನು ಬಾಯಿ ಆಡಿಸುವುದು ಕಾಣುತ್ತಿತ್ತು. ಕಿವಿಯಲ್ಲಿ ಏನೂ ಇರಲಿಲ್ಲ. ಅವಳು ಕೈ ಎತ್ತಿ ಬಾ ಎಂದು ಸನ್ನೆ ಮಾಡಿದಳು. ಹತ್ತಿರ ಬಂದ ಮೇಲೆ ಏನೆಂದೆ ಎಂದು ಕೇಳಿದಳು. ಬಸ್ಸು ಬಂತು ಅಂದೆ ಎಂದ.

ಮೂರು ತಿಂಗಳಾಯಿತು. ಗದಗದ ಜಮಾತಿನಲ್ಲಿ ಈಗ ಮಣ್ಣಿನ ಹೊತ್ತಿಗೆ ಒಂದು ಮಾತು ಹೆ‌ಚ್ಚಿಗೆ ಹೇಳುತ್ತಾರೆ: ಬಾಕಿ ಇದ್ದವರು ಮನೆ ಬಾಗಿಲಿಗೆ ಬಂದು, ಮುಖ ತೋರಿಸಿ, ಚಹಾ ಕುಡಿದು ಹೇಳಿ, ಫೋನಿನಲ್ಲಿ ಬಂದದ್ದು ನಮ್ಮ ಮೇಲಿಲ್ಲ. ನಂಬರು ಹೇಳುವುದನ್ನು ಬಿಟ್ಟಿದ್ದಾರೆ. ಓಣಿಯ ಹೆಂಗಸರು ಹಳೆಯ ಮೊಬೈಲುಗಳನ್ನು ಚಾಂದಬಿಗೆ ತಂದು ತೋರಿಸುತ್ತಾರೆ. ಅವಳು ಒನಕೆಯಿಂದ ಜಜ್ಜಿ ಕೊಡುತ್ತಾಳೆ. ಜಜ್ಜಿದ್ದಕ್ಕೆ ಬಕೇಟು ಸಿಗುವುದಿಲ್ಲ.

ರಾಜೇಸಾಬ ದೂರ ಹೋಗುವುದನ್ನು ಬಿಟ್ಟ. ಫೋನಿನಲ್ಲಿ ಮಾತು ಬರದವನಿಗೆ ಗೋವೆಯಲ್ಲಿ ಯಾರೂ ಕೆಲಸ ಹೇಳುವುದಿಲ್ಲ. ಗದಗದ ಅಂಗಡಿಯಲ್ಲೇ ಕೂತು ಹಿಂಜುತ್ತಾನೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಅದನ್ನು ಕಟ್ಟದೆ ಕೂತರೆ ತಾಯಿ ಯಂತ್ರದ ಗುಂಡಿ ಆರಿಸುತ್ತಾಳೆ. ಮಧ್ಯಾಹ್ನ ಬುತ್ತಿಗೆ ಫೋನು ಮಾಡುವಂತಿಲ್ಲವಾದ್ದರಿಂದ ಹನ್ನೆರಡೂ ಮುಕ್ಕಾಲಿಗೆ ಮನೆಗೇ ಬರುತ್ತಾನೆ. ಆ ಹೊತ್ತಿಗೆ ಕೆಲವು ದಿನ ಈಗಲೂ ಫೋನು ಬಡಿಯುತ್ತದೆ, ಗೆರೆ ಕುಣಿಯುತ್ತದೆ. ಮಗ ಎದುರಿಗೇ ಉಣ್ಣುತ್ತಿರುವುದರಿಂದ ಅದು ಯಾರದೆಂದು ಅವಳಿಗೆ ಗೊತ್ತು. ಮಗುಚಿ ಇಡುತ್ತಾಳೆ.

ಹೋದದ್ದು ನಲವತ್ತು ಸಾವಿರದ ಐನೂರು, ಅದರಲ್ಲಿ ಒಂದು ರೂಪಾಯಿಯೂ ತಿರುಗಿ ಬರಲಿಲ್ಲ. ಶಂಕ್ರವ್ವನ ಲೆಕ್ಕದಲ್ಲಿ ಆರು ಸಾವಿರ ಕೈಯಿಂದ ಹೋಯಿತು. ಗೋವೆಯ ಗಿರಾಕಿಗಳು ಹೋದರು. ಉಳಿದದ್ದು ಮೌಲಾಸಾಬನ ಹೆಸರು. ಅವನ ಮಾತು ನಂಬಿ ಮುದ್ರೆಯ ನಂತರ ಯಾರೂ ಕಳೆದುಕೊಳ್ಳಲಿಲ್ಲ. ಮಗನ ದನಿ ಬೇಕಾದರೆ ಮನೆಯೊಳಗೆ ಕೇಳಬೇಕು. ಗಂಡನ ದನಿ ಎಲ್ಲಿಯೂ ಸಿಗುವುದಿಲ್ಲ.